ಕಿವಿರು ಎತ್ತಿ ನೋಡು

ನಮ್ಮ ಮನೆಯೊಳಗೆ ಮೀನು ಬಂದದ್ದಿಲ್ಲ.
ಇಂಡಿ ಕಡೆಯ ಜೋಳದ ನೆಲ,
ನೀರೆಂದರೆ ಕೊಡದಲ್ಲಿ ಅಳೆಯುವಷ್ಟು.
ಆದರೂ ಸುರಮೈ, ರಾವಸ್, ಹಲವಾ, ತಾರ್ಲಿ
ಒಂದೊಂದರ ಜ್ವರವೂ ನನಗೆ ಗೊತ್ತು.
ಮಹಾಪೆಯ ಮೂರನೆಯ ಮಹಡಿಯಲ್ಲಿ ರಾತ್ರಿಯಿಡೀ
ನಾನು ಕಾಯುವ ಯಂತ್ರಗಳ ಹೆಸರು ಅವು.
ಯಂತ್ರವೆಂದರೂ ಕೈಗೆ ಸಿಗುವಂಥದ್ದಲ್ಲ:
ಒಂದೇ ಕಬ್ಬಿಣದ ಹೊಟ್ಟೆಯಲ್ಲಿ ನಲವತ್ತು ಉಸಿರು.

ಹೆಸರಿಟ್ಟವರು ಕೋಲಂಬಕರ ಕಾಕಾ,
ದಿವಾಳೆಯ ಕೋಳಿವಾಡದವರು.
ಸಂಬಳ ಹಂಚುವುದಕ್ಕೆ ಬೊಂಬಿಲ್ ಎಂದಿಟ್ಟರು,
"ಮೂಳೆಯೂ ಮೆತ್ತಗೆ, ತಿಂಗಳ ಕೊನೆಗೆ ಮುದ್ದೆಯಾಗುತ್ತದೆ."
ನಿವೃತ್ತಿಯ ದಿನ ಪಾಸ್‌ವರ್ಡು ಕೊಟ್ಟು ಹೋದರು,
ಯಾವ ಮೀನು ಯಾವ ಕೆಲಸಕ್ಕೆ ಎಂಬ ಪಟ್ಟಿ ಕೊಡಲಿಲ್ಲ.
ಅದು ಅವರಿಗೆ ಬಾಯಿಪಾಠ.

ಈಗ ಮೋಡ ಆಳುವ ಹೊಸ ತಂತ್ರಾಂಶ.
ಹದಿನೈದು ಅಕ್ಷರ ಮೀರಕೂಡದು, ಅಡಿಗೆರೆ ಕೂಡದು,
ಊರು, ಕೆಲಸ, ಅಂಕಿ, ನಡುವೆ ಅಡ್ಡಗೆರೆ.
ಎಂಎಚ್‌ಪಿ-ಪೇ-೦೧೭.
ಮೀನಿಗೆ ಕೈದಿಯ ನಂಬರು.
ಹಣೆಯ ಚೀಟಿ ಬದಲಾಯಿತು, ಸರಿ;
ಒಳಹೊಕ್ಕು ನಿನ್ನ ಹೆಸರೇನು ಎಂದರೆ
ಅದಿನ್ನೂ ಬೊಂಬಿಲ್ ಅನ್ನುತ್ತದೆ.

ಇಪ್ಪತ್ತೊಂಬತ್ತನೆಯ ತಾರೀಖು, ಒಳಹೊಕ್ಕರೆ
ಎರಡು ಬೊಂಬಿಲ್.
ಹಗಲು ಪಾಳಿಯ ಯಾರೋ ನಕಲು ತೆಗೆದು
ಅದಕ್ಕೊಂದು ಹೆಸರಿಡಲು ಮರೆತಿದ್ದರು.
ಡಿಸ್ಕಿನಲ್ಲಿ ಜಾಗವಿಲ್ಲ, ಒಂದನ್ನು ಅಳಿಸಬೇಕು.
ಯಾವುದನ್ನು?
ಆರು ಸಾವಿರ ಮನೆಗಳ ಒಲೆ
ನನ್ನ ತೋರುಬೆರಳಿನ ಕೆಳಗೆ.

ಕಾಕಾಗೆ ಫೋನು ಹಚ್ಚಿದೆ. ಮೂರೂಕಾಲು.
ಎದ್ದೇ ಇದ್ದರು, ಭರತ ನೋಡಿ ದೋಣಿ ಬಿಡುವ ಹೊತ್ತಂತೆ.
ನಕ್ಕರು. "ಹೆಸರು ಕೇಳಿ ಮೀನು ಕೊಳ್ಳುತ್ತಾರೇನೇ ಹುಡುಗಿ?
ಕಿವಿರು ಎತ್ತಿ ನೋಡು."

ನೋಡಿದೆ.
ಒಂದು ತಣ್ಣಗೆ, ಸಂಜೆಯಿಂದ ಒಂದಕ್ಷರ ಬರೆದ ಗುರುತಿಲ್ಲ.
ಇನ್ನೊಂದರ ಗೆರೆ ಏಳುತ್ತ ಬೀಳುತ್ತ, ಕೆಂಪಗೆ.
ತಣ್ಣಗಿದ್ದದ್ದನ್ನು ಅಳಿಸಿದೆ.
ಆಮೇಲೆ ಎರಡು ನಿಮಿಷ
ನಾನೂ ಏನೂ ಬರೆಯದ ಡಿಸ್ಕು.

ಪಾಳಿ ಮುಗಿಸಿ ಮನೆಗೆ ಹೋಗಲಿಲ್ಲ, ಬೇಲಾಪುರದ ರೈಲು ಹತ್ತಿದೆ.
ದುಪಟ್ಟಾ ಮೂಗಿಗೊತ್ತಿ ದಿವಾಳೆಯ ಮಾರುಕಟ್ಟೆಯಲ್ಲಿ ನಿಂತೆ.
ಬುಟ್ಟಿಯೊಳಗೆ ಒದ್ದೆ ಕಾಗದದ ಬಣ್ಣ,
ಅಗಲಕ್ಕೆ ತೆರೆದ ಬಾಯಿ,
ಏನೋ ಹೇಳುವಾಗ ಯಾರೋ ತಡೆದಂತೆ.
"ಇದೇನು?" ಎಂದೆ, ಗೊತ್ತಿದ್ದೂ.
ಮಾರುವವಳು ಹೆಸರು ಹೇಳಿದಳು.
ಎಷ್ಟು ಬೇಕೆಂದಳು.

ಬೇಡ ತಾಯಿ, ಬರೀ ನೋಡಲು ಬಂದೆ ಎಂದೆ.
ರಾತ್ರಿಯೆಲ್ಲ ಜೊತೆಗಿದ್ದದ್ದು,
ಮುಖ ನೋಡಿರಲಿಲ್ಲ.