ಉಳಿದ ಉಂಗುರ

ಸೆಪ್ಟೆಂಬರಿನ ಹಬ್ಬಕ್ಕೆ ಶಾಲೆಗೆ ವಾರ ರಜೆ.
ಗಾಳಿಗಿಲ್ಲ.
ಪುಂಟಾ ಅರೇನಾಸಿನ ಗಾಳಿ ಶನಿವಾರವೂ ಕೆಲಸಕ್ಕೆ ಬರುತ್ತದೆ,
ಪಕ್ಕದ ಮನೆಯ ಬಾವುಟವನ್ನು ಅರ್ಧ ಹರಿದು
ಮಿಕ್ಕರ್ಧ ನಾಳೆಗಿಟ್ಟುಕೊಂಡು
ನನ್ನ ತಗಡಿನ ಶೆಡ್ಡಿಗೆ ನುಗ್ಗಿ ಕೇಳುತ್ತದೆ:
ಏನು ನೆಲ್ದಾ, ನೀನೇ ಮಾಡ್ತೀಯಾ?

ನಾನೇ.
ಹನ್ನೊಂದು ಮಕ್ಕಳನ್ನು ಹೊರುವ ಹಳದಿ ವ್ಯಾನಿನ
ಹೊಟ್ಟೆಯ ಉಸಾಬರಿ ಇದುವರೆಗೆ ಎಲಾದಿಯೊನದು.
ಅವನೀಗ ಏಡಿ ದೋಣಿಯಲ್ಲಿ, ದಕ್ಷಿಣದ ಕಾಲುವೆಗಳಾಚೆ;
ಸಿಗ್ನಲ್ ಸಿಕ್ಕರೆ ಗಂಡ, ಇಲ್ಲದಿದ್ದರೆ ಸಮುದ್ರ.

ಮೊದಲು ಮೇಲಿನ ಮುಚ್ಚಳ, ಆಮೇಲೆ ಕೆಳಗಿನ ಬೋಲ್ಟು.
ಇಷ್ಟು ಗೊತ್ತು. ಐದು ವರ್ಷ ಟಾರ್ಚು ಹಿಡಿದವಳಿಗೆ
ಬೆಳಕು ಎಲ್ಲಿ ಬೀಳಬೇಕೆಂದು ಗೊತ್ತಿರುತ್ತದೆ,
ಕೈ ಎಲ್ಲಿಗೆ ಹೋಗಬೇಕೆಂದು ಅಲ್ಲ.

ಮುಚ್ಚಳ ಮಿಸುಕಲಿಲ್ಲ. ಸ್ಪ್ಯಾನರಿಗೆ ಭಾರ ಬಿಟ್ಟು ಜೋತುಬಿದ್ದೆ,
ಕೀರ್ ಎಂದು ಬಿಟ್ಟುಕೊಟ್ಟಿತು.
ಒಳಗಿನ ಎಣ್ಣೆ ಗುಳಕ್ಕನೆ ಕೆಳಗಿಳಿಯಿತು.
ಬೋಲ್ಟು ಬಿಚ್ಚಿದರೆ ಬಿಸಿ, ಕರಿ, ಸಣ್ಣ ಎಳೆ;
ಗಾಳಿ ಅದನ್ನು ದಾರದ ಹಾಗೆ ಪಕ್ಕಕ್ಕೆಳೆಯಿತು.
ತಟ್ಟೆ ಸರಿಸಿದೆ. ಗಾಳಿ ನಿಂತಿತು.
ಎಣ್ಣೆ ನೆಟ್ಟಗೆ ಬಿತ್ತು, ತಟ್ಟೆ ಇಲ್ಲದಲ್ಲಿ.

ಫಿಲ್ಟರು ಎಂದರೆ ಇದರಲ್ಲಿ ಡಬ್ಬಿಯಲ್ಲ, ಬರೀ ಕಾಗದ,
ಕವಚವಿಲ್ಲದ ತಿರುಳು, ಸುತ್ತಲೂ ನೆರಿಗೆ.
ನಿನ್ನೆ ರಾತ್ರಿ ಯಾಸ್ನಾಳ ಕುಣಿತದ ಲಂಗಕ್ಕೆ
ಇಸ್ತ್ರಿ ಒತ್ತಿದ ಕೈ; ನೆರಿಗೆ ನನಗೆ ಹೊಸದಲ್ಲ.
ಚಾಕುವಿನಿಂದ ಸೀಳಿ, ಬಿಡಿಸಿ, ಬೆಳಕಿಗೆ ಹಿಡಿದೆ:
ಲೋಹದ ಮಿಣುಕು? ಇಲ್ಲ. ಮಸಿ, ಮತ್ತೆ ಮಸಿ.
ಹತ್ತು ಸಾವಿರ ಕಿಲೋಮೀಟರಿನ ಬೈಗುಳ, ಮಗ್ಗಿ,
ಕಿಟಕಿಯಾಚೆ ಎಸೆದ ಬಾಳೆಹಣ್ಣಿನ ಸಿಪ್ಪೆಯ ಜಗಳ,
ಒಂದೂ ಇದರಲ್ಲಿ ಸಿಕ್ಕಿಕೊಂಡಿಲ್ಲ.

ಮುಚ್ಚಳದ ತೋಡಿನಲ್ಲಿ ಹಳೇ ರಬ್ಬರುಂಗುರ
ಚಪ್ಪಟೆಯಾಗಿ, ಸೆಡೆತು,
ತಾನೂ ಮುಚ್ಚಳವೇ ಎಂಬಂತೆ ಕೂತಿತ್ತು.
ಉಗುರು ಸೋತಿತು. ಐಸ್‌ಕ್ರೀಮಿನ ಚಮಚ ಗೆದ್ದಿತು.
ಹೊಸದಕ್ಕೆ ಎಣ್ಣೆ ಸವರಿ ಕೂರಿಸಿದೆ,
ಹೊಸ ತಿರುಳು ಟಿಕ್ ಎಂದು ಒಪ್ಪಿತು.
ಬಿಗಿ ಎಷ್ಟು? ಮುಚ್ಚಳದ ಮೇಲೇ ಬರೆದಿದೆ: ಇಪ್ಪತ್ತೈದು.
ಅಷ್ಟೇ. ಸಿಟ್ಟು ಸೇರಿಸಬಾರದು.

ಕೈ ಒರೆಸಿ ಪೆಟ್ಟಿಗೆ ಮಡಚುವಾಗ
ಬಿತ್ತು, ಇನ್ನೊಂದು ಉಂಗುರ.
ಚಿಕ್ಕದು. ಕಪ್ಪು. ಕಿರುಬೆರಳಿಗೆ ಸರಿಹೋಗುವಂಥದು.

ಇದೆಲ್ಲಿಯದು?

ಹಳೆಯದರಲ್ಲಿ ಇದರ ಜೋಡಿ ಇರಲಿಲ್ಲ. ಅಥವಾ ಇತ್ತು,
ನಾನು ನೋಡಲಿಲ್ಲ. ಅಥವಾ ಒಳಗೆ, ಕತ್ತಲಲ್ಲಿ, ಇನ್ನೂ ಕೂತಿದೆ.
ಅಂಗಡಿಯ ಬಾರ್ತುಲೊವಿಚ್‌ಗೆ ಫೋನು ಮಾಡಿದೆ.
"ಒಂದೇ ಪೆಟ್ಟಿಗೆ, ನಾಲ್ಕು ಜಾತಿ ಎಂಜಿನ್ನು, ಮೇಡಂ.
ಯಾರಿಗೋ ಬೇಕು, ಎಲ್ಲರಿಗೂ ಹಾಕಿರ್ತಾರೆ.
ನಿಮ್ಮದಕ್ಕೆ ಬೇಡ. ಬಹುಶಃ."

ಬಹುಶಃ ಎಂಬ ಮಾತಿನ ಮೇಲೆ
ಹನ್ನೊಂದು ಮಕ್ಕಳನ್ನು ಕೂರಿಸಲಾಗುವುದಿಲ್ಲ.
ಮತ್ತೆ ಬಿಚ್ಚಿದೆ. ಟಾರ್ಚು ಹಲ್ಲಲ್ಲಿ ಕಚ್ಚಿ
ಗೂಡಿನ ಗೋಡೆ, ನಡುವಿನ ಕಡ್ಡಿ, ಕಡ್ಡಿಯ ತುದಿ,
ಎಲ್ಲ ಕಡೆ ಬೆರಳಾಡಿಸಿದೆ.
ಇನ್ನೊಂದು ತೋಡು ಎಲ್ಲೂ ಇರಲಿಲ್ಲ.

ಏಳೂವರೆ ಲೀಟರು ಹೊಸ ಎಣ್ಣೆ ಸುರಿದು ಕೀಲಿ ತಿರುವಿದೆ.
ಕೆಂಪು ದೀಪ ಯೋಚಿಸಿತು; ನಾನೂ.
ಆರಿತು.
ಕೆಳಗೆ ಹಾಸಿದ ರಟ್ಟು ಒಣಗಿತ್ತು, ಕಾಲು ಗಂಟೆಯ ಮೇಲೂ.

ಎಸೆಯಲು ಮನಸ್ಸಾಗದೆ ಆ ಚಿಕ್ಕ ಉಂಗುರವನ್ನು
ಎಲಾದಿಯೊನ ಮೊಳೆ ಡಬ್ಬಿಗೆ ಹಾಕಹೋದರೆ
ತಳದಲ್ಲಿ, ವಾಷರುಗಳ ಕೆಳಗೆ,
ಒಂದು, ಎರಡು, ಒಂಬತ್ತು,
ಅದೇ ಕಪ್ಪು, ಅದೇ ಅಳತೆ.
ನನ್ನ ಟಾರ್ಚಿನ ಬೆಳಕಿನಲ್ಲೇ ಒಂಬತ್ತು ಸಲ
ಮುಷ್ಟಿಯಲ್ಲಿ ಮುಚ್ಚಿಟ್ಟು
ಸೀಟಿ ಹೊಡೆಯುತ್ತಾ ಕೈ ತೊಳೆಯಲು ಹೋದವನು!

ಮಂಗಳವಾರ ಸಿಗ್ನಲ್ ಸಿಕ್ಕಿತು ಅವನಿಗೆ.
ಅಲೆಗಳ ಗದ್ದಲದ ನಡುವೆ ದನಿ:
"ಮುಗೀತಾ? ಏನೂ ಉಳೀಲಿಲ್ಲ ತಾನೆ?"

ಡಬ್ಬಿ ಅಲ್ಲಾಡಿಸಿದೆ, ಫೋನಿನ ಹತ್ತಿರ ಹಿಡಿದು.
ಇಲ್ಲ, ಎಂದೆ. ಏನೂ ಇಲ್ಲ.