ಹಾಜರಿ ಪುಸ್ತಕದಲ್ಲಿ ಹೊಸ ಕಾಲಮ್ಮು

ಬ್ಯಾಡಗಿಯಲ್ಲಿ ಯಾರು ಅಳುತ್ತಿದ್ದಾರೆ,
ಯಾರಿಗೆ ಬರೀ ಘಾಟು ಹತ್ತಿದೆ,
ಹೇಳಲಾಗುವುದಿಲ್ಲ.
ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುವ ನನಗೂ.

ಸೋಮವಾರ ಸಾಹುಕಾರರು ರಟ್ಟಿನ ಡಬ್ಬಿ ತಂದಿಟ್ಟರು:
ಕಪ್ಪು ರಿಬ್ಬನ್ನು, ನಡುವೆ ಹೆಬ್ಬೆರಳ ಉಗುರಿನಷ್ಟು ಫೋಟೋ,
ಹಿಂದೆ ಒಂದು ಪಿನ್ನು. ನಲವತ್ತೊಂದು.
‘ನಮ್ಮೂರ ಹುಡುಗ. ವರ್ಷ ಆತು. ಎಲ್ಲಾರೂ ಹಚ್ಚಿಕೋಬೇಕು.
ಹಚ್ಚಿಕೊಳ್ಳದವರ ಹೆಸರು ಬರದಿಡ್ರಿ.’

ಸಾಹುಕಾರರು ಕೆಟ್ಟವರಲ್ಲ.
ಪೆಟ್ಟಿಗೆ ಬಂದ ರಾತ್ರಿ ಮೋಟೆಬೆನ್ನೂರು ಕ್ರಾಸಿನಲ್ಲಿ ಮೂರು ತಾಸು ನಿಂತು
ಚಪ್ಪಲಿ ಬಿಟ್ಟು ನಡೆದು ಬಂದವರು.
ಕಣ್ಣು ಕೆಂಪಾಗಿದ್ದವು. ನಾನು ಕಂಡಿದ್ದೇನೆ.
ಆ ದಿನ ಮಾರ್ಕೆಟ್ಟು ರಜೆ, ಗಾಳಿಯಲ್ಲಿ ಘಾಟಿರಲಿಲ್ಲ.

ಹಾಗಾಗಿ ಗೆರೆ ಹೊಡೆದೆ.
ಹೆಸರು, ಬಂದ ಹೊತ್ತು, ತೊಟ್ಟು ಬಿಡಿಸಿದ ಕಿಲೋ,
ಅದರ ಪಕ್ಕ ಹೊಸದಾಗಿ: ನೆನಪು.
ಬ್ಯಾಡ್ಜು ಎಂದು ಬರೆಯಬೇಕಿತ್ತು.
ಕೈ ಹಾಗೆ ಬರೆದುಬಿಟ್ಟಿತು.

ಖತೀಜಾಬಿ ತಲೆಕೆಳಗಾಗಿ ಚುಚ್ಚಿಕೊಂಡಳು. ಸರಿ.
ಹೊಸ ಹುಡುಗಿ ದಾನೇಶ್ವರಿ ಹಚ್ಚಿಕೊಂಡು ಸೆಲ್ಫಿ ತೆಗೆದಳು. ಸರಿ.
ಹಮಾಲ ದುರುಗಪ್ಪನ ಮೈಮೇಲೆ ಅಂಗಿಯೇ ಇಲ್ಲ,
ತಲೆಗೆ ಸುತ್ತಿದ ಟವೆಲ್ಲಿಗೆ ಸಿಕ್ಕಿಸಿ ಚೀಲ ಹೊತ್ತ.
ಫೋಟೋ ಚೀಲದಡಿ.
ಅದೂ ಸರಿ.

ಗುತ್ತೆವ್ವ ಹಚ್ಚಿಕೊಳ್ಳಲಿಲ್ಲ.
ಇಸಿದುಕೊಂಡಳು, ಹೆಬ್ಬೆಟ್ಟು ಒತ್ತಿದಳು
(ಶಾಯಿ ಬೇಕಾಗಲಿಲ್ಲ, ಬೆರಳೇ ಕೆಂಪು),
ಸೆರಗಿನ ಗಂಟಿಗೆ ಹಾಕಿ, ಕೂತು ತೊಟ್ಟು ಬಿಡಿಸತೊಡಗಿದಳು.

ಈಗ ಈಕೆ ಏನೋ ದೊಡ್ಡ ಮಾತಾಡುತ್ತಾಳೆ ಎಂದು ಕಾದೆ.
ಹೋದ ವರ್ಷ ಥಪ್ಪಿ ಕುಸಿದು ಚೀಲದಡಿ ಸಿಕ್ಕ
ಮೌಲಾಸಾಬನಿಗೆ ಯಾಕೆ ಡಬ್ಬಿ ಬರಲಿಲ್ಲ, ಎಂದು ಕೇಳಬಹುದು.
ಕೇಳಿದರೆ ನನ್ನ ಬಳಿ ಉತ್ತರವಿಲ್ಲ.
ಆ ದಿನದ ಪುಟದಲ್ಲಿ ಅವನ ಹೆಸರಿನ ಮುಂದೆ
ನಾನೇ ಬರೆದದ್ದು: ಅರ್ಧ ದಿನ.

‘ಯಾಕವ್ವಾ?’ ಎಂದೆ.
‘ಪಿನ್ನು ಚುಚ್ಚಿದ್ರ ಸೀರಿ ಹರೀತೈತ್ರಿ. ಮೊನ್ನಿ ತಗೊಂಡದ್ದು.’
‘ಅಷ್ಟೇ?’
‘ಮತ್ತೇನು? ಹಚ್ಚಿಕೋತೀಯೇನ ಅಂತ ಕೇಳಿದ್ದ್ರ
ಹರದ್ರ ಹರೀಲಿ ಅಂತಿದ್ನೇನೋ.
ಯಾರೂ ಕೇಳಲಿಲ್ಲ. ನೀವು ಏನ್ ಬರಕೋತೀರಿ ಬರಕೋರಿ.’

ಪೆನ್ನು ಹಿಡಿದು ಕೂತೆ.
ಆಕೆಯನ್ನೂ ನಾನೊಂದು ರಿಬ್ಬನ್ನು ಮಾಡಲು ಹೊರಟಿದ್ದೆ,
ಎದೆಗೆ ಹಚ್ಚಿಕೊಂಡು ಊರಲ್ಲಿ ತಿರುಗಲು.

ಮಧ್ಯಾಹ್ನ ಚೀಲ ಎಣಿಸಲು ಕೋಲ್ಡಿನ ಬಾಗಿಲು ತೆಗೆದು ಒಳಹೋದೆ.
ಮೂರನೇ ಸಾಲಿಗೆ ಬರುವಷ್ಟರಲ್ಲಿ ಪಿನ್ನು ತಣ್ಣಗಾಗಿ
ಬನಿಯನ್ನು ದಾಟಿ ಎದೆಗೆ ತಾಕಿತು.
ಹುಡುಗ ಹೋದದ್ದು ಗುಂಡಿಗಲ್ಲ, ಹಿಮಕ್ಕೆ, ಎಂದಿದ್ದರು.
ಎಣಿಕೆ ತಪ್ಪಿತು.
ಮತ್ತೆ ಒಂದರಿಂದ.
ಒಪ್ಪಿಕೊಳ್ಳಬೇಕು,
ಹೇಳಿ ಹಚ್ಚಿಸಿದ್ದೂ ಒಮ್ಮೊಮ್ಮೆ ಚುಚ್ಚುತ್ತದೆ.

ಆದರೆ ಅವನ ಹೆಸರು?
ಬಿಸಿಲಿಗೆ ಬಂದು ರಿಬ್ಬನ್ನು ತಿರುವಿ ನೋಡಿದೆ.
ಫೋಟೋದ ಕೆಳಗೆ ಅಕ್ಷರಗಳಿದ್ದವು,
ನಮ್ಮ ಅಂಗಡಿಯ ಹೆಸರು, ಫೋನ್ ನಂಬರು.
ಹೆಂಗಸರನ್ನು ಕೇಳಿದೆ. ಮೂವರು ಮೂರು ಹೆಸರು ಹೇಳಿದರು.
ಗುತ್ತೆವ್ವ ತಲೆ ಎತ್ತಲಿಲ್ಲ.
‘ಹೆಸರು ನಂಗೂ ನೆನಪಿಲ್ರಿ. ಮನಿ ಗೊತ್ತೈತಿ.
ಬಾವಿ ಓಣಿ, ನೀಲಿ ಬಾಗಲಾ.’

ಸಂಜೆ ಬ್ಯಾಡ್ಜು ವಾಪಸು ಇಸಿದುಕೊಂಡೆ,
ಮುಂದಿನ ವರ್ಷಕ್ಕೂ ಬೇಕಂತೆ.
ಕೊಟ್ಟದ್ದು ನಲವತ್ತೊಂದು. ಬಂದದ್ದು ನಲವತ್ತು.
ಗುತ್ತೆವ್ವ ಐದರ ಬಸ್ಸಿಗೆ ಹೋಗಿದ್ದಳು, ಸೆರಗಿನ ಗಂಟಿನ ಸಮೇತ.

ಆಕೆಯ ಹೆಸರಿನ ಮುಂದೆ, ನೆನಪಿನ ಮನೆಯಲ್ಲಿ,
ಈಗ ಸರಿಯೂ ಇಲ್ಲ, ತಪ್ಪೂ ಇಲ್ಲ.
ಬರೆಯಲು ಹೋದಾಗ ಸೀನು ಬಂತು, ಪೆನ್ನು ಜಾರಿ
ಗೆರೆ ಪುಟದಾಚೆ ಹೋಯಿತು.
ಕಣ್ಣಲ್ಲೂ ಒಂದಿಷ್ಟು ನೀರು.
ಸಾಹುಕಾರರು ಕೇಳಿದರೆ
ಘಾಟು ಎನ್ನುತ್ತೇನೆ.