ಎಪ್ಪತ್ತಕ್ಕೆ ಎಷ್ಟು

ಐದು ತಿಂಗಳಾದ ಮೇಲೆ ಬಂತು, ಕೊರಿಯರ್ ಹುಡುಗನ ಚೀಲದಲ್ಲಿ,
ಗಾಜಿನಂಥ ಒಂದು ಪ್ಲಾಸ್ಟಿಕ್ ಗೂಡು.
ಒಳಗೆ ನನ್ನ ರೂಪಾಯಿ.
ಪಟ್ಟಣದ ಟಂಕಸಾಲೆಯದು; ಬಲದಿಂದ ಎಡಕ್ಕೆ
ಓದಬೇಕಾದ ಇಸವಿ; ಅಂಚಿನ ಹತ್ತಿರ
ಸಾಸಿವೆಯಷ್ಟು ಒಂದು ಕುಳಿ.
ಮೇಲೆ ಚೀಟಿ, ಚೀಟಿಗೆ ಬಾರ್‌ಕೋಡು,
ಅಲ್ಲಾಡಿಸಿದರೆ ಬಣ್ಣ ಬದಲಿಸುವ ಮುದ್ರೆ.
ಅಂಕ ಇರಬೇಕಾದ ಜಾಗದಲ್ಲಿ ಅಂಕ ಇಲ್ಲ:
“ಅಸಲಿ. ಮೇಲ್ಮೈಗೆ ಹಾನಿ.”

ಅವರು ಎಪ್ಪತ್ತಕ್ಕೆ ಕೊಡುತ್ತಾರೆ, ನೂರಕ್ಕಲ್ಲ.
ಯಾಕೆ ಎಪ್ಪತ್ತು ಅಂತ ಮಂಡಿ ಮೊಹಲ್ಲಾದ ಬಾಸಿತ್ ಸಾಹೇಬರನ್ನು ಕೇಳಿದೆ.
“ಅದು ನನಗೂ ಗೊತ್ತಿಲ್ಲ ಮೇಡಂ. ಆದರೆ
ಅರವತ್ತಕ್ಕೂ ಅರವತ್ತೈದಕ್ಕೂ ನಡುವೆ
ಒಂದು ಸ್ಕೂಟರ್ ಇದೆ” ಅಂದರು.
ಅವರದೇ ಒಂದು ಆನೆ ಕಾಸು, ಮೊದಲ ಸಲ ಐವತ್ತಮೂರು.
ಗೂಡು ಒಡೆದು, ಒರೆಸದೆ, ಉಸಿರೂ ತಾಗಿಸದೆ
ಅದೇ ಆಫೀಸಿಗೆ ಮತ್ತೆ ಕಳಿಸಿದರು: ಐವತ್ತೆಂಟು.
ಆನೆ ದಾರಿಯಲ್ಲಿ ಮೇದಿತ್ತೇನೋ.

ನಗು ಬಂತು. ಆಮೇಲೆ ನಿಂತಿತು.
ಇಪ್ಪತ್ತಾರು ವರ್ಷ, ಪ್ರತಿ ಏಪ್ರಿಲ್, ನಾನೂ ಕೂತಿದ್ದೆ
ಸರಸ್ವತಿಪುರಂನ ಒಂದು ಶಾಲೆಯ ಹಾಲಿನಲ್ಲಿ,
ಕೆಂಪು ಪೆನ್ನು, ಎಸ್ಸೆಲ್ಸಿ ಸಮಾಜ ಪೇಪರು, ಕಿರುಗುಟ್ಟುವ ಫ್ಯಾನು.
ಬೆಳಗಿನ ಕಟ್ಟಿಗೆ ಒಂದು ಕೈ,
ಚಿತ್ರಾನ್ನ ಉಂಡ ಮೇಲಿನ ಕಟ್ಟಿಗೆ ಇನ್ನೊಂದು ಕೈ.
ಅಕ್ಷರ ದುಂಡಗಿದ್ದರೆ ಅರ್ಧ ಅಂಕ ತಾನಾಗಿ ಉದುರುತ್ತಿತ್ತು.
ಇಸವಿ ಹಿಂದುಮುಂದಾದರೆ ಸೊನ್ನೆ.
ಒಂದು ಪೇಪರನ್ನು ಮೂವತ್ತನಾಲ್ಕಕ್ಕೆ ನಿಲ್ಲಿಸಿದೆ.
ಕೂಡಿಸಿದೆ, ಮತ್ತೆ ಕೂಡಿಸಿದೆ. ಮೂವತ್ತನಾಲ್ಕೇ.
ಹೆಸರಿಲ್ಲ, ಬರೀ ನಂಬರು. ಹುಡುಗನೋ ಹುಡುಗಿಯೋ.
ಮರುಮೌಲ್ಯಮಾಪನಕ್ಕೆ ಕಟ್ಟಲು ದುಡ್ಡು ಇತ್ತೋ ಇಲ್ಲವೋ.
ನಾನು ಮೋಸ ಮಾಡಿಲ್ಲ.
ಆ ಆಫೀಸಿನವರೂ ಮಾಡಿರಲಿಕ್ಕಿಲ್ಲ.
ಅಲ್ಲೂ ಮಧ್ಯಾಹ್ನ ಆಗುತ್ತದೆ.

ಮತ್ತೆ, “ಅಸಲಿ” ಅನ್ನುವ ಆ ಒಂದು ಪದಕ್ಕೇ ತಾನೆ ನಾನು ಕಳಿಸಿದ್ದು.
ಗಂಜಾಂ ಕಡೆ, ಕೋಟೆ ನೋಡಲು ಬಂದವರಿಗೆಂದು
ಹೋದ ವಾರ ಅಚ್ಚು ಹಾಕಿ ಸಗಣಿಯಲ್ಲಿ ಹೂತು ತೆಗೆದ ರೂಪಾಯಿ
ನನ್ನ ಡಬ್ಬಿಯಲ್ಲಿ ಇನ್ನೂ ನಾಲ್ಕಿವೆ.
ಯಾರಿಗೂ ತೋರಿಸುವುದಿಲ್ಲ.

ಅಶೋಕ ರಸ್ತೆಯ ಪದ್ಮರಾಜಯ್ಯನವರು ಇದ್ದಿದ್ದರೆ
ಹೆಬ್ಬೆರಳ ಉಗುರಿನಿಂದ ನಾಣ್ಯ ಚಿಮ್ಮಿ
ಕಡಪಾ ಕಲ್ಲಿಗೆ ಬಿಡುತ್ತಿದ್ದರು, ತಲೆ ಒಂದು ಕಡೆ ವಾಲಿಸಿ.
ಸದ್ದು ಸತ್ತರೆ ಸೀಸ. ಎಳೆದರೆ ಬೆಳ್ಳಿ.
ಈ ಕುಳಿಯನ್ನು ಮೊದಲು ತೋರಿಸಿದ್ದೂ ಅವರೇ:
“ಗಾಯ ಅಲ್ಲ ತಾಯಿ, ಚಿನಿವಾರನ ಗುರುತು.
ಯಾವನೋ ಒಬ್ಬ ಒರೆ ಹಚ್ಚಿ, ತೂಗಿ ನೋಡಿ,
ಇದಕ್ಕೆ ನಾನು ಜವಾಬ್ದಾರ ಅಂತ ಒಂದು ಏಟು ಹಾಕಿದಾನೆ.
ಮುಂದಿನ ಸಂತೆಯಲ್ಲಿ ಯಾರೂ ಕೇಳಿಲ್ಲ.”

ಅಂದರೆ ಇದು ಆಗಲೇ ಪಾಸಾಗಿತ್ತು.
ಪಾಸು ಮಾಡಿದ ಮುದ್ರೆಯನ್ನೇ
ಹಾನಿ ಅಂತ ಬರೆದು, ಶುಲ್ಕ ತಗೊಂಡಿದ್ದಾರೆ.

ಅಂಗಡಿಯಲ್ಲೀಗ ಅವರ ಮೊಮ್ಮಗಳು ಚೇಲನಾ. ಗೂಡು ಕೊಟ್ಟೆ.
ಫೋನು ಹಿಡಿದು ಬಾರ್‌ಕೋಡ್ ಓದಿದಳು.
“ಸರಿಯಿದೆ ಆಂಟಿ, ಅವರದ್ದೇ.”
ನಾಣ್ಯ ನೋಡಲಿಲ್ಲ.

ರಾತ್ರಿ, ಕಾಯಿ ಒಡೆಯುವ ಕತ್ತಿಯ ಬೆನ್ನಿಂದ.
ಎರಡನೇ ಏಟಿಗೆ ಬಿರಿಯಿತು
(ಬಾಸಿತ್ ಸಾಹೇಬರ ಲೆಕ್ಕದಲ್ಲಿ ಆ ಏಟಿಗೆ ಮೂರು ಸಾವಿರ).
ಅಡುಗೆಮನೆ ಕಟ್ಟೆ ಒರೆಸಿ,
ಫ್ಯಾನು ಆರಿಸಿ, ಬೀದಿಯ ಆಟೋ ದಾಟುವ ತನಕ ಕಾದು,
ಕಲ್ಲಿನ ಮೇಲೆ ಬಿಟ್ಟೆ.
ಎಳೆಯಿತು ಅನ್ನಿಸಿತು.
ನನ್ನ ಎಡಗಿವಿ ಸ್ವಲ್ಪ ಮಂದ.
ಆ ಕಡೆ ತಿರುಗಿ ಇನ್ನೊಂದು ಸಲ ಬಿಟ್ಟೆ.